ಅಂಗೈಯ ಗಂಟು

ಬೆಳಗ್ಗೆ ಹಾಸಿಗೆಯಿಂದೇಳುವ ಮೊದಲು ಎರಡೂ ಅಂಗೈಗಳನ್ನು ಕಣ್ಣೆದುರು ಹಿಡಿದು ನೋಡಿಕೊಳ್ಳಬೇಕೆಂಬ ವಾಡಿಕೆ ನಮ್ಮ ಹಿರಿಯರಲ್ಲಿತ್ತು. ಪಾಠಶಾಲೆಯಲ್ಲಿ ನಮಗೂ ಅದನ್ನು ಕಲಿಸಿದರು. ಬಾಲ್ಯದಲ್ಲಿ ಕಣ್ಣುಜ್ಜುತ್ತ ಅದನ್ನು ಮಾಡಿದೆವು. ದೊಡ್ಡವರಾದ ಮೇಲೆ ಬಿಟ್ಟೆವು. ಐವತ್ತು ದಾಟಿದ ಮೇಲೆ ಆ ವಾಡಿಕೆಯನ್ನು ಪುನಃ ಹಿಡಿಯಬೇಕಾದ ಕಾರಣವೊಂದು ನಮಗೆ ಒದಗಿತು. ಅಂಗೈಯಲ್ಲಿ ಸದ್ದಿಲ್ಲದೆ ಹುಟ್ಟಿ, ಬಹುಮಟ್ಟಿಗೆ ನೋವನ್ನೂ ಕೊಡದೆ ಬೆಳೆದು, ಕಡೆಗೆ ಬೆರಳನ್ನೇ ಮಡಿಚಿಬಿಡುವ ವ್ಯಾಧಿಯೊಂದುಂಟು. ಅದು ಇನ್ನೂ ಬರಿಯ ಗಂಟಾಗಿರುವಾಗಲೇ ಕಂಡುಕೊಂಡರೆ ಸೂಜಿಮದ್ದಿನಿಂದ ಅದನ್ನು ಮೆತ್ತಗೆ ಮಾಡಬಹುದೆಂದು ಕೆಲವು ಶಸ್ತ್ರವೈದ್ಯರು ಹೇಳುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ನಿಜ, ಇದರಲ್ಲಿ ನಂಬತಕ್ಕದ್ದೇನು, ಸಂಶಯಪಡತಕ್ಕದ್ದೇನು ಎಂಬುದನ್ನು ಇಂದು ವಾಚಕರ ಮುಂದಿಡಲು ಉದ್ದೇಶಿಸಿದ್ದೇವೆ.

ನಮ್ಮ ಮುದ್ರಣಾಲಯದಲ್ಲಿ ಸೀಸದ ಮೊಳೆಗಳಿದ್ದ ಕಾಲದಲ್ಲಿ ಕಂಪೋಜಿಟರಾಗಿದ್ದ ವೃದ್ಧರೊಬ್ಬರು ಈಗಲೂ ಆಗಾಗ ಕಚೇರಿಗೆ ಬಂದು ಹೋಗುತ್ತಾರೆ. ಎಡಗೈಯಲ್ಲಿ ಸ್ಟಿಕ್ಕನ್ನು ಹಿಡಿದು ಬಲಗೈಯಿಂದ ಮೊಳೆಗಳನ್ನು ಹೆಕ್ಕಿ ಅವರು ಪುಟ ಕಟ್ಟುತ್ತಿದ್ದುದನ್ನು ನೋಡುತ್ತಲೇ ನಾವು ಈ ಉದ್ಯೋಗವನ್ನು ಕಲಿತವರು. ಕಳೆದ ವರ್ಷ ಒಂದು ಮದುವೆಯ ಪಂಕ್ತಿಯಲ್ಲಿ ಅವರು ಎಡಗೈಯನ್ನು ಶಲ್ಯದೊಳಗೆ ಅಡಗಿಸಿಟ್ಟುಕೊಂಡೇ ಊಟಮಾಡಿದರು. ಕಾರಣ ಕೇಳಿದಾಗ ಮೊದಲು ನಕ್ಕು ಸುಮ್ಮನಾದರು. ಆಮೇಲೆ ಕೈಯನ್ನು ಹೊರತೆಗೆದು ತೋರಿಸಿದರು. ಉಂಗುರದ ಬೆರಳೂ ಕಿರುಬೆರಳೂ ಅಂಗೈಯ ಕಡೆಗೆ ಕೊಕ್ಕೆಯಂತೆ ಬಾಗಿದ್ದವು. ಇನ್ನೊಂದು ಕೈಯಿಂದ ಎಳೆದರೂ ಅವು ನೆಟ್ಟಗಾಗಲಿಲ್ಲ. ಅಂಗೈಯ ಚರ್ಮದಡಿಯಲ್ಲಿ ಹುರಿಯಂಥದೊಂದು ಬಿಗಿದುಕೊಂಡಿತ್ತು.

"ಸ್ವಾಮಿ, ಹತ್ತು ವರ್ಷದ ಹಿಂದೆ ಇಲ್ಲಿ ಕಡಲೆಕಾಳಿನಷ್ಟು ಗಂಟಿತ್ತು. ಸ್ಟಿಕ್ಕು ಹಿಡಿದು ಹಿಡಿದು ಕಟ್ಟಿದ ಆಣಿಯೆಂದುಕೊಂಡೆ. ನೋವಿರಲಿಲ್ಲ, ಆದ್ದರಿಂದ ಯಾರಿಗೂ ಹೇಳಲಿಲ್ಲ" ಎಂದರು. ಮಧ್ಯೆ ಒಮ್ಮೆ ಒಬ್ಬ ವೈದ್ಯರಿಗೆ ತೋರಿಸಿದ್ದರಂತೆ. ಬೆರಳು ಬಾಗಿದ ಮೇಲೆ ಬನ್ನಿರೆಂದು ಅವರು ಕಳುಹಿಸಿಬಿಟ್ಟರಂತೆ. ಬೆರಳು ಬಾಗಿತು. ಆಗ ನೆರೆಹೊರೆಯವರ ಬಾಯಲ್ಲಿ ಕುಷ್ಠದ ಮಾತು ಹೊರಟಿತು. ಅಂದಿನಿಂದ ಅವರು ಪಂಕ್ತಿಯಲ್ಲಿ ಬಡಿಸುವುದನ್ನು ಬಿಟ್ಟರು; ಮೊಮ್ಮಗುವನ್ನು ಎತ್ತಿಕೊಳ್ಳುವುದಕ್ಕೂ ಹಿಂಜರಿದರು. ಅವರಿಗಿದ್ದುದು ಕುಷ್ಠವಲ್ಲ. ಯೂರೋಪಿನ ವೈದ್ಯಗ್ರಂಥಗಳಲ್ಲಿ ನಾಲ್ಕು ನೂರು ವರ್ಷಗಳಿಂದ ವರ್ಣಿತವಾಗಿರುವ, ಒಬ್ಬರಿಂದೊಬ್ಬರಿಗೆ ಅಂಟದ, ಪ್ರಾಣಕ್ಕೆ ಅಪಾಯವಿಲ್ಲದ ರೋಗ ಅದು. ಅದಕ್ಕೆ ಡ್ಯೂಪ್ವಿತ್ರಾನನ ಸಂಕೋಚವೆಂದು ಹೆಸರು.

ಅಂಗೈಯ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ರೋಗದ ಸ್ವರೂಪವೂ ತಿಳಿಯುತ್ತದೆ. ಅಂಗೈಯ ಚರ್ಮದ ಕೆಳಗೆ, ಬೆರಳುಗಳನ್ನು ಮಡಿಚುವ ಸ್ನಾಯುರಜ್ಜುಗಳ ಮೇಲೆ, ಗಟ್ಟಿಯಾದ ನಾರಿನ ಹಾಳೆಯೊಂದು ಹರಡಿಕೊಂಡಿದೆ. ನಾವು ಕೊಡಲಿಯನ್ನೋ ಕೊಡವನ್ನೋ ಬಿಗಿಯಾಗಿ ಹಿಡಿದಾಗ ಅಂಗೈಯ ಚರ್ಮ ಅತ್ತಿತ್ತ ಜಾರದಂತೆ ಹಿಡಿದಿಡುವುದು ಇದೇ ಹಾಳೆ. ಈ ವ್ಯಾಧಿಯಲ್ಲಿ ಆ ಹಾಳೆಯ ಜೀವಕೋಶಗಳು ಮಿತಿಮೀರಿ ವೃದ್ಧಿಯಾಗಿ ಒಂದೆಡೆ ಗಂಟುಕಟ್ಟುತ್ತವೆ. ೧೯೭೨ರಲ್ಲಿ ಗಬ್ಬಿಯಾನಿ ಮತ್ತು ಮಾಯ್ನೋ ಎಂಬ ಸಂಶೋಧಕರು ಆ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಲ್ಲಿನ ಕೋಶಗಳಿಗೆ ಮಾಂಸಖಂಡದಂತೆ ಸಂಕುಚಿಸುವ ಶಕ್ತಿಯಿದೆಯೆಂದು ತೋರಿಸಿದರು. ಗಾಯ ಮಾಯುವಾಗ ಅದರ ಅಂಚುಗಳನ್ನು ಒಟ್ಟಿಗೆ ಎಳೆಯುವ ಕೋಶಗಳೂ ಇದೇ ಜಾತಿಯವು. ಗಾಯ ಮಾಯ್ದ ಮೇಲೆ ಅವು ಕೆಲಸ ಮುಗಿಸಿ ಮರೆಯಾಗುತ್ತವೆ. ಇಲ್ಲಿಯಾದರೋ ಗಾಯವಿಲ್ಲದೆಯೇ ಎಳೆಯತೊಡಗಿ, ನಿಲ್ಲಿಸುವುದನ್ನು ಮರೆತಿರುತ್ತವೆ. ಎಳೆದಂತೆಲ್ಲ ಕೊಲಾಜೆನ್ ಎಂಬ ನಾರು ಶೇಖರವಾಗಿ ಗಂಟು ಹುರಿಯಾಗುತ್ತದೆ. ಹುರಿ ಬಿಗಿದು ಬೆರಳು ಬಾಗುತ್ತದೆ. ಮೊದಲು ಉಂಗುರದ ಬೆರಳು, ಆಮೇಲೆ ಕಿರುಬೆರಳು ಎಂಬುದು ಸಾಮಾನ್ಯ ಕ್ರಮ.

ಈ ರೋಗದ ಚರಿತ್ರೆಯೂ ಸ್ವಾರಸ್ಯವಾದುದು. ೧೬೧೪ರಲ್ಲಿ ಬಾಸೆಲ್ ಪಟ್ಟಣದ ಫೆಲಿಕ್ಸ್ ಪ್ಲಾಟರ್ ಎಂಬ ವೈದ್ಯನು ಒಬ್ಬ ಕಲ್ಲುಕುಟಿಗನ ಬಾಗಿದ ಬೆರಳುಗಳನ್ನು ವರ್ಣಿಸಿದನು. ಆದರೆ ದೋಷವೆಲ್ಲ ಸ್ನಾಯುರಜ್ಜುಗಳದೆಂದು ಅವನು ಭಾವಿಸಿದನು. ೧೭೭೭ರಲ್ಲಿ ಲಂಡನ್ನಿನ ಹೆನ್ರಿ ಕ್ಲೈನ್ ಎಂಬವನು ಶವಚ್ಛೇದದಿಂದ ದೋಷವಿರುವುದು ನಾರಿನ ಹಾಳೆಯಲ್ಲಿ ಎಂದು ಕಂಡನು. ಅವನ ಶಿಷ್ಯ ಆಸ್ಟ್ಲಿ ಕೂಪರನು ೧೮೨೨ರಲ್ಲಿ ತನ್ನ ಗ್ರಂಥದಲ್ಲಿ ಇದನ್ನು ಸೂಚಿಸಿದನು. ಆದರೂ ಕೀರ್ತಿಯೆಲ್ಲ ಪ್ಯಾರಿಸ್ಸಿನ ಓತೆಲ್ ದ್ಯೂ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯನಾದ ಗಿಯೋಮ್ ಡ್ಯೂಪ್ವಿತ್ರಾನನಿಗೆ ಸಂದಿತು. ಅವನು ಒಂದು ಮೃತದೇಹದ ಬಾಗಿದ ಕೈಯನ್ನು ಬಿಡಿಸಿ ನೋಡಿ, ಸ್ನಾಯುರಜ್ಜುಗಳು ನಿರ್ದೋಷಿಗಳೆಂದು ನಿಶ್ಚಯಿಸಿಕೊಂಡು, ೧೮೩೧ರಲ್ಲಿ ಒಬ್ಬ ದ್ರಾಕ್ಷಾರಸದ ವರ್ತಕನ ಕೈಗೆ ಶಸ್ತ್ರಕ್ರಿಯೆ ಮಾಡಿ ಬೆರಳುಗಳನ್ನು ಬಿಡಿಸಿದನು. ಅದೇ ವರ್ಷದ ಡಿಸೆಂಬರ್ ೫ರಂದು ಅವನು ಮಾಡಿದ ಉಪನ್ಯಾಸದಿಂದ ಈ ರೋಗಕ್ಕೆ ಅವನ ಹೆಸರೇ ನಿಂತಿತು. ಅರಿವಳಿಕೆಯಿಲ್ಲದ ಕಾಲದಲ್ಲಿ ಆ ವರ್ತಕನು ಕೈಯನ್ನು ಹೇಗೆ ನೀಡಿಕೊಂಡು ಕುಳಿತಿದ್ದನೋ ವಾಚಕರೇ ಊಹಿಸಿಕೊಳ್ಳಬಹುದು.

ಇದು ಮುಖ್ಯವಾಗಿ ಉತ್ತರ ಯೂರೋಪಿನ ಜನಾಂಗಗಳ ರೋಗ, ಸ್ತ್ರೀಯರಿಗಿಂತ ಪುರುಷರಲ್ಲಿ ಹೆಚ್ಚು, ಐವತ್ತರ ಮೇಲೆ ಹೆಚ್ಚು, ವಂಶದಲ್ಲಿ ಬರುವಂಥದು. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರರು ೧೯೮೬ರಲ್ಲಿ, ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ನರು ೧೯೮೯ರ ಜನವರಿಯಲ್ಲಿ ಇದಕ್ಕಾಗಿಯೇ ಶಸ್ತ್ರಚಿಕಿತ್ಸೆಗೆ ಒಳಗಾದರು. ೨೦೨೩ರಲ್ಲಿ ೭,೮೭೧ ಮಂದಿ ರೋಗಿಗಳ ವಂಶವಾಹಿಗಳನ್ನು ಪರೀಕ್ಷಿಸಿದ ಪಂಡಿತರು ಈ ರೋಗಕ್ಕೆ ಸಂಬಂಧಿಸಿದ ೬೧ ಭೇದಗಳನ್ನು ಗುರುತಿಸಿದರು. ಅವುಗಳಲ್ಲಿ ಮೂರು ಭೇದಗಳು ಸಹಸ್ರಾರು ವರ್ಷಗಳ ಹಿಂದೆ ಯೂರೋಪಿನಲ್ಲಿ ವಾಸವಾಗಿದ್ದು ನಾಮಾವಶೇಷರಾದ ನಿಯಾಂಡರ್ತಾಲ್ ಮಾನವರಿಂದ ಬಂದವೆಂದು ತಿಳಿದುಬಂದಿತು. ಆ ಪುರಾತನರ ಋಣ ಇಂದಿನ ಬೆರಳುಗಳಲ್ಲಿ ಉಳಿದಿರುವುದು ಆಶ್ಚರ್ಯವಲ್ಲವೇ!

ಹಾಗಾದರೆ ನಮಗೇನು ಚಿಂತೆಯೆಂದು ವಾಚಕರು ಕೇಳಬಹುದು. ನಮ್ಮ ದೇಶದಲ್ಲಿ ಈ ರೋಗ ವಿರಳವೆಂಬುದು ನಿಜ, ಇಲ್ಲವೆಂಬುದು ನಿಜವಲ್ಲ. ಮಧುಮೇಹಕ್ಕೂ ಇದಕ್ಕೂ ನಂಟುಂಟೆಂದು ವೈದ್ಯರು ಬಹುಕಾಲದಿಂದ ಬಲ್ಲರು. ಭಾರತದಲ್ಲಿ ೧೦ ಕೋಟಿಗೂ ಮೀರಿ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ತಿಳಿಸಿತು. ಕುರ್ಚಿಯಲ್ಲಿ ಕುಳಿತು ಲೇಖನಿ ಹಿಡಿಯುವ ನಮ್ಮ ವರ್ಗದವರೇ ಅವರಲ್ಲಿ ಕಡಮೆಯಿಲ್ಲ. ಮಧುಮೇಹದಲ್ಲಿ ಪಾದವನ್ನು ಪರೀಕ್ಷಿಸಬೇಕೆಂಬ ತಿಳಿವಳಿಕೆ ಈಗ ಅಷ್ಟಿಷ್ಟು ಹಬ್ಬಿದೆ. ಅಂಗೈಯನ್ನು ನೋಡುವವರು ಮಾತ್ರ ಅಪೂರ್ವ. ಮದ್ಯಪಾನ, ಧೂಮಪಾನ, ಮೂರ್ಛೆರೋಗಕ್ಕೆ ಕೊಡುವ ಕೆಲವು ಔಷಧಗಳು, ಕೈಯನ್ನು ಎಡೆಬಿಡದೆ ನಡುಗಿಸುವ ಯಂತ್ರಗಳ ಕೆಲಸ, ಇವುಗಳಿಗೂ ಈ ರೋಗಕ್ಕೂ ಸಂಬಂಧವನ್ನು ಹೇಳುತ್ತಾರೆ. ನಮ್ಮ ಕಂಪೋಜಿಟರು ದೂರುವ ಸ್ಟಿಕ್ಕಿನ ಮೇಲೆ ಮಾತ್ರ ನಾವು ಅಪರಾಧ ಹೊರಿಸಲಾರೆವು. ಅವರ ಮಧುಮೇಹದ ಮೇಲೆ ಸಂಶಯಪಡಲು ಹೆಚ್ಚು ಕಾರಣವಿದೆ.

ಕುಷ್ಠದ ಮಾತನ್ನು ಇಲ್ಲಿಯೇ ತೀರಿಸಿಬಿಡೋಣ. ಕುಷ್ಠದಲ್ಲಿ ಮೊಣಕೈಯ ಬಳಿಯ ನರವು ಕೆಟ್ಟು ಉಂಗುರದ ಬೆರಳೂ ಕಿರುಬೆರಳೂ ಉಗುರು ಚಾಚಿದ ಪಂಜದಂತಾಗುವುದುಂಟು. ಬಾಗುವ ಬೆರಳುಗಳು ಅವೇ ಆದುದರಿಂದ ಜನರು ಮೋಸಹೋಗುತ್ತಾರೆ. ಆದರೆ ಅಲ್ಲಿ ಸ್ಪರ್ಶಜ್ಞಾನ ಹೋಗಿರುತ್ತದೆ. ಬೆರಳಿನ ಬುಡದ ಗೆಣ್ಣು ಹಿಂದಕ್ಕೆ ಬಾಗಿ ಮುಂದಿನ ಗೆಣ್ಣುಗಳು ಮಾತ್ರ ಮಡಿಚಿರುತ್ತವೆ. ಅಂಗೈಯಲ್ಲಿ ಗಂಟಾಗಲಿ ಹುರಿಯಾಗಲಿ ಇರುವುದಿಲ್ಲ. ಇಲ್ಲಿ ಸ್ಪರ್ಶಕ್ಕೆ ಭಂಗವಿಲ್ಲ. ಬುಡದ ಗೆಣ್ಣೇ ಮುಂದಕ್ಕೆ ಬಾಗಿರುತ್ತದೆ. ಗಂಟು ಕೈಗೆ ಸಿಕ್ಕುತ್ತದೆ. ಕುಷ್ಠವಾದರೂ ಇಂದು ಔಷಧದಿಂದ ಪೂರ್ಣವಾಗಿ ಗುಣವಾಗುವ ರೋಗವೆಂಬುದನ್ನು, ಅದಕ್ಕಾಗಿ ಮನುಷ್ಯನನ್ನು ಪಂಕ್ತಿಯಿಂದೇಳಿಸುವುದು ಅಜ್ಞಾನವೆಂಬುದನ್ನು ಇದೇ ಸಂದರ್ಭದಲ್ಲಿ ಹೇಳದಿರಲಾರೆವು.

ಇನ್ನು ಚಿಕಿತ್ಸೆಯ ವಿಚಾರ. ಬುಡದ ಗೆಣ್ಣು ಸುಮಾರು ೩೦ ಅಂಶ ಬಾಗುವವರೆಗೆ, ಅಥವಾ ನಡುವಿನ ಗೆಣ್ಣು ಬಾಗತೊಡಗುವವರೆಗೆ ಕಾಯುವುದು, ಆಮೇಲೆ ಶಸ್ತ್ರವನ್ನು ಹಿಡಿಯುವುದು ಎಂಬುದೇ ಬಹುಕಾಲದಿಂದ ನಡೆದುಬಂದ ನಿಯಮ. ರೋಗಗ್ರಸ್ತವಾದ ನಾರನ್ನು ಕೊಯ್ದು ತೆಗೆಯುವುದು ಒಂದು ವಿಧ. ಸೂಜಿಯ ಮೊನೆಯಿಂದ ಹುರಿಯನ್ನು ಚುಚ್ಚಿ ಕಡಿದು ಬೆರಳನ್ನು ಬಿಡಿಸುವುದು ಇನ್ನೊಂದು ವಿಧ. ಕೊಲಾಜಿನೇಸ್ ಎಂಬ ದ್ರಾವಣದಿಂದ ಹುರಿಯನ್ನು ಕರಗಿಸುವ ಮೂರನೆಯ ವಿಧಕ್ಕೆ ಅಮೆರಿಕದಲ್ಲಿ ೨೦೧೦ರಲ್ಲಿ ಅನುಮತಿ ದೊರೆಯಿತು. ವ್ಯಾಪಾರದ ಕಾರಣಗಳಿಂದ ಯೂರೋಪಿನ ಮಾರುಕಟ್ಟೆಯಿಂದ ೨೦೨೦ರಲ್ಲಿ ಅದನ್ನು ಹಿಂತೆಗೆದುಕೊಂಡರು. ಬ್ರಿಟನ್ನಿನಲ್ಲಿ ೬೭೨ ರೋಗಿಗಳ ಮೇಲೆ ನಡೆದು ೨೦೨೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಶಸ್ತ್ರಕ್ರಿಯೆಗೆ ಸಮವೆಂದು ಸಿದ್ಧವಾಗಲಿಲ್ಲ. ಈ ಮೂರು ವಿಧಗಳೂ ಬಾಗಿದ ಬೆರಳಿಗೆ. ಯಾವುದೂ ರೋಗದ ಮೂಲವನ್ನು ಕೀಳುವುದಿಲ್ಲ. ಕೊಯ್ದ ಮೇಲೂ ರೋಗವು ಮರುಕಳಿಸುವುದುಂಟು. ಎರಡನೆಯ ಬಾರಿ ಕೊಯ್ಯುವಾಗ ಗಾಯದ ಕಲೆಗಳ ನಡುವೆ ನರಗಳನ್ನೂ ರಕ್ತನಾಳಗಳನ್ನೂ ತಪ್ಪಿಸಿಕೊಂಡು ಹೋಗುವುದು ನುರಿತ ಕೈಗೂ ಕಷ್ಟ. ನಡುವಿನ ಗೆಣ್ಣು ಬಹುಕಾಲ ಬಾಗಿಯೇ ಇದ್ದರೆ ಕೀಲೇ ಬಿಗಿದು, ಹುರಿಯನ್ನು ತೆಗೆದರೂ ಬೆರಳು ಪೂರ್ತಿ ನೆಟ್ಟಗಾಗುವುದಿಲ್ಲ.

ಇಲ್ಲಿ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ. ಬೆರಳು ಬಾಗುವವರೆಗೆ ಕಾಯುವುದೇಕೆ? ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯನ್ನು ತರುವವರೆಗೆ ಸುಮ್ಮನಿರುವುದು ಯಾವ ಜಾಣತನ? ಈ ಪ್ರಶ್ನೆಗೆ ಉತ್ತರವಾಗಿ ಬಂದುದೇ ಸ್ಟಿರಾಯ್ಡಿನ ಸೂಜಿಮದ್ದು.

ಸ್ಟಿರಾಯ್ಡೆಂಬುದು ನಮ್ಮ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಸ್ರವಿಸುವ ರಸದ ಜಾತಿಯ ಔಷಧ. ೧೯೪೮ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಕೀಲುವಾತದಿಂದ ನರಳುತ್ತಿದ್ದ ಮಹಿಳೆಯೊಬ್ಬಳಿಗೆ ಇದನ್ನು ಕೊಟ್ಟಾಗ, ಕೆಲವೇ ದಿನಗಳಲ್ಲಿ ಅವಳು ಎದ್ದು ನಡೆದಾಡಿದಳು. ಹೆಂಚ್, ಕೆಂಡಾಲ್ ಮತ್ತು ರೈಕ್‌ಸ್ಟೈನ್ ಈ ಮೂವರಿಗೆ ೧೯೫೦ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಮುಂದೆ ಇದನ್ನು ದೇಹಕ್ಕೆಲ್ಲ ಕೊಡುವ ಬದಲು ವ್ಯಾಧಿಯಿರುವ ಎಡೆಗೇ ಚುಚ್ಚುವ ಕ್ರಮವು ಬಂದಿತು. ಗಾಯ ಮಾಯ್ದ ಮೇಲೆ ಉಬ್ಬಿ ನಿಲ್ಲುವ ಕೀಲಾಯ್ಡ್ ಕಲೆಗಳಿಗೆ ನಮ್ಮ ಚರ್ಮವೈದ್ಯರು ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡನ್ನು ಚುಚ್ಚಿ ಕುಗ್ಗಿಸುವುದನ್ನು ವಾಚಕರಲ್ಲಿ ಕೆಲವರು ಕಂಡಿರಬಹುದು. ಅಂಗೈಯ ಗಂಟೂ ಮಿತಿಮೀರಿದ ನಾರೇ. ಅಲ್ಲಿ ಕುಗ್ಗಿಸುವ ಔಷಧ ಇಲ್ಲಿಯೂ ಕುಗ್ಗಿಸೀತೆಂಬುದು ಸರಳವಾದ ತರ್ಕ. ಉರಿಯೂತವನ್ನು ಶಮನಗೊಳಿಸಿ, ಕೋಶಗಳ ವೃದ್ಧಿಯನ್ನು ತಡೆದು, ನಾರಿನ ಉತ್ಪತ್ತಿಯನ್ನು ತಗ್ಗಿಸುವುದು ಇದರ ಕೆಲಸ. ಆದುದರಿಂದಲೇ ಕೋಶಗಳು ತುಂಬಿರುವ ಎಳೆಯ ಗಂಟಿನಲ್ಲಿ ಇದಕ್ಕೆ ಅವಕಾಶವುಂಟು. ಕೋಶಗಳು ಕಡಮೆಯಾಗಿ ಬರಿಯ ನಾರೇ ಉಳಿದ ಹಳೆಯ ಹುರಿಯಲ್ಲಿ ಇದು ತಾನಾಗಿ ಬೆರಳನ್ನು ಬಿಡಿಸಲಾರದು.

ಈ ವಿಷಯದಲ್ಲಿ ಎಲ್ಲರೂ ಉದಾಹರಿಸುವ ವರದಿಯು ಅಮೆರಿಕದ ಕೆಚಮ್ ಮತ್ತು ಡೊನಾಹ್ಯೂ ಎಂಬವರು ೨೦೦೦ದಲ್ಲಿ ಪ್ರಕಟಿಸಿದುದು. ಅವರು ೬೩ ಮಂದಿಯ ೭೫ ಕೈಗಳಲ್ಲಿದ್ದ ಗಂಟುಗಳಿಗೆ ಟ್ರಯಾಮ್ಸಿನೊಲೋನನ್ನು ಚುಚ್ಚಿದರು. ಗಂಟೊಂದಕ್ಕೆ ಸರಾಸರಿ ೩.೨ ಬಾರಿ ಸೂಜಿಮದ್ದು ಬೇಕಾಯಿತು. ನೂರಕ್ಕೆ ೯೭ ಕೈಗಳಲ್ಲಿ ಗಂಟುಗಳು ಮೆತ್ತಗಾಗಿ ತಗ್ಗಿದವು. ಇದು ಸಂತೋಷದ ಸಂಗತಿ. ಆದರೆ ಅದೇ ವರದಿಯ ಉಳಿದರ್ಧವನ್ನೂ ಓದಬೇಕು. ಗಂಟುಗಳು ಪೂರ್ಣವಾಗಿ ಮಾಯವಾದುದು ವಿರಳ. ಅರ್ಧದಷ್ಟು ರೋಗಿಗಳಲ್ಲಿ ಕೊನೆಯ ಸೂಜಿಯಾದ ಒಂದರಿಂದ ಮೂರು ವರ್ಷಗಳೊಳಗೆ ರೋಗವು ಪುನಃ ಚೇತರಿಸಿಕೊಂಡಿತು, ಪುನಃ ಚುಚ್ಚಬೇಕಾಯಿತು. ಔಷಧವಿಲ್ಲದ ಬರಿಯ ನೀರನ್ನು ಚುಚ್ಚಿಸಿಕೊಂಡ ಇನ್ನೊಂದು ಗುಂಪು ಆ ಪರೀಕ್ಷೆಯಲ್ಲಿರಲಿಲ್ಲ. ಎಲ್ಲ ಗಂಟುಗಳೂ ಬೆರಳನ್ನು ಬಾಗಿಸುವುದಿಲ್ಲ. ಎಷ್ಟೋ ಗಂಟುಗಳು ವರ್ಷಾನುಗಟ್ಟಲೆ ಇದ್ದಂತೆಯೇ ಇರುತ್ತವೆ. ಕೆಲವು ತಾವಾಗಿಯೇ ತಗ್ಗುವುದೂ ಉಂಟು. ಹೀಗಿರುವಾಗ, ತಗ್ಗಿದ ಗಂಟುಗಳೆಲ್ಲ ಸೂಜಿಯಿಂದಲೇ ತಗ್ಗಿದವೆಂದೂ, ಗಂಟು ತಗ್ಗಿದುದರಿಂದ ಬೆರಳು ಉಳಿಯಿತೆಂದೂ ಪ್ರಮಾಣಮಾಡಿ ಹೇಳುವಂತಿಲ್ಲ. ಇದರಿಂದ ಗಂಟು ಮೆತ್ತಗಾಗುವುದು ಸಂಭವನೀಯ, ನೋಯುತ್ತಿದ್ದರೆ ನೋವು ತಗ್ಗುವುದೂ ಸಂಭವನೀಯ, ಬೆರಳು ಬಾಗುವುದು ತಪ್ಪುವುದೆಂಬುದು ಆಶೆ. ಪ್ರಾಮಾಣಿಕನಾದ ವೈದ್ಯನು ರೋಗಿಗೆ ಇಷ್ಟನ್ನೇ ಹೇಳುವನು. ಪತ್ರಿಕೆಯೂ ಇದಕ್ಕಿಂತ ಹೆಚ್ಚನ್ನು ಹೇಳಬಾರದು.

ಅಪಾಯಗಳನ್ನೂ ಮುಚ್ಚಿಡಬಾರದು. ಅಂಗೈಗೆ ಚುಚ್ಚುವ ಸೂಜಿ ಬಹಳ ನೋಯುತ್ತದೆ. ಚುಚ್ಚಿದೆಡೆ ಚರ್ಮ ತೆಳುವಾಗಬಹುದು; ಕೆಳಗಿನ ಕೊಬ್ಬು ಕರಗಿ ಗುಳಿ ಬೀಳಬಹುದು; ಬಣ್ಣ ಬಿಳಿಚಿಕೊಳ್ಳಬಹುದು. ಔಷಧವು ಗಂಟಿಗೆ ಸೇರದೆ ಸ್ನಾಯುರಜ್ಜುವಿಗೆ ಸೇರಿದರೆ ರಜ್ಜುವು ಹರಿಯುವ ಅಪಾಯವು ವಿರಳವಾಗಿಯಾದರೂ ಉಂಟು. ಮಧುಮೇಹಿಗಳಲ್ಲಿ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಆದುದರಿಂದ ತಮ್ಮ ರೋಗವನ್ನು ಮುಂಚಿತವಾಗಿ ತಿಳಿಸದೆ ಯಾರೂ ಇದನ್ನು ಚುಚ್ಚಿಸಿಕೊಳ್ಳಬಾರದು. ನಮ್ಮ ಊರುಗಳಲ್ಲಿ ಮಂಡಿನೋವು, ಉಬ್ಬಸ, ತುರಿಕೆ ಮೊದಲಾದ ಎಲ್ಲಕ್ಕೂ ಹೆಸರು ಹೇಳದೆ ಸ್ಟಿರಾಯ್ಡನ್ನು ಚುಚ್ಚುವ ಅರೆವೈದ್ಯರಿದ್ದಾರೆ. ಅಂಥವರ ಕೈಗೆ ಅಂಗೈಯನ್ನು ಒಪ್ಪಿಸುವುದಕ್ಕಿಂತ ಗಂಟನ್ನು ಹಾಗೆಯೇ ಬಿಡುವುದು ಮೇಲು. ಈ ಕೆಲಸ ಕೈಯ ರಚನೆಯನ್ನು ಬಲ್ಲ ಶಸ್ತ್ರವೈದ್ಯರದು.

ಎಳೆಯ ಗಂಟಿನ ಮೇಲೆ ಬೇರೆ ಪ್ರಯೋಗಗಳೂ ನಡೆದಿವೆ. ಜರ್ಮನಿ ಮೊದಲಾದ ದೇಶಗಳಲ್ಲಿ ಅಲ್ಪ ಪ್ರಮಾಣದ ವಿಕಿರಣವನ್ನು ಕೊಡುತ್ತಾರೆ. ಆಕ್ಸ್‌ಫರ್ಡಿನ ಪಂಡಿತರು ಗಂಟಿನ ಕೋಶಗಳನ್ನು ಕೆರಳಿಸುವ ಒಂದು ದ್ರವ್ಯವನ್ನು ಗುರುತಿಸಿ, ಅದನ್ನು ತಡೆಯುವ ಅಡಾಲಿಮುಮಾಬ್ ಎಂಬ ಔಷಧವನ್ನು ಗಂಟಿಗೇ ಚುಚ್ಚಿ ನೋಡಿದರು. ೧೪೦ ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧವನ್ನೂ ಇನ್ನೊಂದಕ್ಕೆ ಬರಿಯ ದ್ರಾವಣವನ್ನೂ ಮೂರು ತಿಂಗಳಿಗೊಮ್ಮೆ ನಾಲ್ಕು ಬಾರಿ ಕೊಟ್ಟು, ಫಲವನ್ನು ೨೦೨೨ರಲ್ಲಿ ಪ್ರಕಟಿಸಿದರು. ಔಷಧ ಪಡೆದವರ ಗಂಟುಗಳು ಮೆತ್ತಗೂ ಚಿಕ್ಕದೂ ಆದವು. ಸ್ಟಿರಾಯ್ಡಿಗೆ ದೊರೆಯದ ತುಲನೆಯ ಪ್ರಮಾಣ ಇದಕ್ಕೆ ದೊರೆಯಿತು. ಆದರೆ ಬೆರಳು ಬಾಗುವುದು ತಪ್ಪಿತೇ ಎಂಬುದನ್ನು ತಿಳಿಯಲು ಇನ್ನೂ ದೀರ್ಘಕಾಲದ ಪರೀಕ್ಷೆ ಅವಶ್ಯ. ಈ ಔಷಧದ ಪ್ರತಿರೂಪವು ೨೦೧೪ರಿಂದ ನಮ್ಮ ದೇಶದಲ್ಲಿಯೇ ತಯಾರಾಗುತ್ತಿದೆ. ಆದರೆ ದೇಹದಲ್ಲಿ ಅಡಗಿರುವ ಕ್ಷಯವನ್ನು ಎಬ್ಬಿಸುವ ದೋಷವೂ ಇದಕ್ಕುಂಟು. ಕ್ಷಯವು ಇನ್ನೂ ನೀಗದ ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಾವು ಮಾಡತಕ್ಕದ್ದೇನು? ಮೊದಲನೆಯದು ವಾಚಕರಿಗೆ. ಕೈಯನ್ನು ಮೇಜಿನ ಮೇಲೆ ಮಲಗಿಸಿ ನೋಡಿರಿ. ಅಂಗೈಯೂ ಬೆರಳುಗಳೂ ಮೇಜಿಗೆ ಪೂರ್ತಿ ತಗುಲಬೇಕು. ಆಸ್ಟ್ರೇಲಿಯದ ಹ್ಯೂಸ್ಟನ್ ಎಂಬ ಶಸ್ತ್ರವೈದ್ಯರು ಬಳಕೆಗೆ ತಂದ ಪರೀಕ್ಷೆಯಿದು. ಮೇಜಿನ ಅಗತ್ಯವೂ ನಮಗಿಲ್ಲ. ದಿನಕ್ಕೆ ಹತ್ತು ಬಾರಿ ನಾವು ಮಾಡುವ ನಮಸ್ಕಾರವೇ ಸಾಕು. ಎರಡು ಅಂಗೈಗಳನ್ನು ಜೋಡಿಸಿದಾಗ ಬೆರಳುಗಳ ನಡುವೆ ಎಡೆಯುಳಿದರೆ ವೈದ್ಯರಲ್ಲಿಗೆ ಹೋಗಬೇಕು. ಮಧುಮೇಹದಲ್ಲಿ ಕೀಲುಗಳು ಬಿಗಿಯುವುದನ್ನೂ ಇದೇ ಪರೀಕ್ಷೆಯಿಂದ ವೈದ್ಯರು ಕಂಡುಹಿಡಿಯುತ್ತಾರೆ. ಆದರೆ ಎಡೆಯುಳಿಯುವ ಮುನ್ನವೇ, ಗಂಟು ಬೆರಳಿಗೆ ಸಿಕ್ಕಿದಾಗಲೇ ತೋರಿಸುವುದು ಇನ್ನೂ ಉತ್ತಮ. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂಬ ಗಾದೆಯುಂಟು. ಅಂಗೈಯ ಗಂಟಿಗೂ ಬೇಡ, ನೋಡುವ ಮನಸ್ಸು ಬೇಕು.

ಎರಡನೆಯದು ವೈದ್ಯರಿಗೆ. ಬೆರಳು ಬಾಗಿದ ಮೇಲೆ ಬನ್ನಿರೆಂಬ ಒಂದೇ ಮಾತಿನಿಂದ ರೋಗಿಯನ್ನು ಕಳುಹಿಸಬೇಡಿರಿ. ಕಾಯುವುದೇ ಯುಕ್ತವೆಂದು ತೋರಿದರೆ ಹಾಗೆಯೇ ಹೇಳಿರಿ. ಆದರೆ ರೋಗದ ಹೆಸರನ್ನು ತಿಳಿಸಿರಿ, ಅಂಟುರೋಗವಲ್ಲವೆಂದು ತಿಳಿಸಿರಿ, ಆರು ತಿಂಗಳಿಗೊಮ್ಮೆ ಅಳೆದು ನೋಡಿರಿ, ಗಂಟು ಬೆಳೆಯುತ್ತಿದ್ದರೆ ಸೂಜಿಮದ್ದಿನ ಗುಣದೋಷಗಳೆರಡನ್ನೂ ರೋಗಿಯ ಮುಂದಿಡಿರಿ. ಮೂರನೆಯದು ಅಧಿಕಾರಿಗಳಿಗೆ. ಸರ್ಕಾರದ ಆಸ್ಪತ್ರೆಗಳ ಮಧುಮೇಹ ವಿಭಾಗಗಳಲ್ಲಿ ಪಾದದೊಡನೆ ಅಂಗೈಯನ್ನೂ ಪರೀಕ್ಷಿಸಲು ಒಂದು ನಿಮಿಷ ಸಾಕು. ಅದಕ್ಕೆ ಯಂತ್ರವೂ ಬೇಡ, ಹಣವೂ ಬೇಡ, ಒಂದು ಆಜ್ಞೆ ಸಾಕು.

ನಮ್ಮ ಕಂಪೋಜಿಟರಿಗೆ ಈ ವರ್ಷ ಶಸ್ತ್ರಚಿಕಿತ್ಸೆಯಾಯಿತು. ಉಂಗುರದ ಬೆರಳು ಬಹುಮಟ್ಟಿಗೆ ನೆಟ್ಟಗಾಗಿದೆ. ಕಿರುಬೆರಳು ಅರ್ಧಕ್ಕೆ ನಿಂತಿದೆ. ತಡವಾಯಿತೆಂದು ಶಸ್ತ್ರವೈದ್ಯರು ಹೇಳಿದರಂತೆ. ಕಳೆದ ವಾರ ಅವರು ಕಚೇರಿಗೆ ಬಂದಾಗ, ನಮ್ಮ ಬಲ ಅಂಗೈಯಲ್ಲಿ ಉಂಗುರದ ಬೆರಳಿನ ಕೆಳಗೆ ಕೈಗೆ ಸಿಕ್ಕಿದ ಸಣ್ಣ ಗಂಟೊಂದನ್ನು ಅವರಿಗೆ ತೋರಿಸಿದೆವು. ಮೊಳೆಗಳನ್ನು ತಡವಿಯೇ ಅಕ್ಷರವನ್ನು ಗುರುತಿಸುತ್ತಿದ್ದ ಬೆರಳುಗಳಿಂದ ಅದನ್ನು ಒತ್ತಿ ನೋಡಿ, "ಕಡಲೆಕಾಳಿನಷ್ಟೇ ಇದೆ, ಸ್ವಾಮಿ. ನಾಳೆಯೆನ್ನಬೇಡಿ, ಇವತ್ತೇ ತೋರಿಸಿ" ಎಂದರು. ಅವರ ಮಾತಿನಂತೆ ನಡೆದೆವು. ವೈದ್ಯರು ಕೈಯ ಅಳತೆಯನ್ನು ಬರೆದುಕೊಂಡು, ಸೂಜಿಯ ಲಾಭನಷ್ಟಗಳನ್ನು ವಿವರಿಸಿ, ಮೂರು ತಿಂಗಳು ಬಿಟ್ಟು ಬರಲು ಹೇಳಿದ್ದಾರೆ. ಬೆಳೆದಿದ್ದರೆ ಚುಚ್ಚುವುದೆಂದೂ ಇಲ್ಲದಿದ್ದರೆ ಕಾಯುವುದೆಂದೂ ನಿಶ್ಚಯವಾಗಿದೆ. ಅಲ್ಲಿಯವರೆಗೆ ನಾವು ಬೆಳಗ್ಗೆ ಎದ್ದೊಡನೆ ಪಾಠಶಾಲೆಯಲ್ಲಿ ಕಲಿತಂತೆ ಅಂಗೈಯನ್ನು ನೋಡಿಕೊಳ್ಳುತ್ತಿದ್ದೇವೆ. ವಾಚಕರೂ ನಾಳೆಯಿಂದ ಹಾಗೆಯೇ ಮಾಡಿದರೆ ಈ ಲೇಖನದ ಶ್ರಮ ಸಾರ್ಥಕವಾಯಿತೆಂದು ತಿಳಿಯುವೆವು.